ತಲೆಗೆ ಸಾವಿರ ರೂಪಾಯಿ, ವರ್ಷಕ್ಕೆ 28 ಗಂಟೆ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನವರು 2019ರ ಜುಲೈಯಿಂದ ಡಿಸೆಂಬರ್‌ವರೆಗೆ ಕರ್ನಾಟಕದ ಆಯ್ದ ಮನೆಗಳ ಬಾಗಿಲು ತಟ್ಟಿದರು. ಮನೆಯಲ್ಲಿ 15 ತುಂಬಿದ ಹುಡುಗಿ ಇದ್ದರೆ ಅವಳಿಗೂ ಒಂದು ಪ್ರಶ್ನೆ ಇತ್ತು. ಹೆಂಡತಿ ಹೇಳದೆ ಹೊರಗೆ ಹೋದರೆ, ಎದುರು ಮಾತಾಡಿದರೆ, ಅಡುಗೆ ಸರಿಯಾಗಿ ಮಾಡದಿದ್ದರೆ ಗಂಡ ಹೊಡೆಯುವುದು ಸರಿಯೇ? ಇಂಥ ಏಳು ಕಾರಣ ಓದಿ ಹೇಳಿ ಉತ್ತರ ಬರೆದುಕೊಂಡರು. ಆದರೆ ‘ನಿನ್ನ ಮೇಲೆ ಯಾರಾದರೂ ಕೈ ಮಾಡಿದ್ದಾರಾ’ ಎಂಬ ಪ್ರಶ್ನೆ ಅವಳಿಗೆ ಇರಲಿಲ್ಲ. ಹಿಂಸೆಯ ಬಗ್ಗೆ ಕೇಳುವ ಭಾಗ 18ರಿಂದ 49 ವರ್ಷದವರಿಗೆ ಮಾತ್ರ. 15ರ ಹುಡುಗಿಯ ಅಭಿಪ್ರಾಯ ಸರ್ಕಾರಿ ಲೆಕ್ಕಕ್ಕೆ ಬೇಕು, ಅನುಭವ ಬೇಡ.

ಇದಕ್ಕೆ ಕಾರಣ ಇಲ್ಲದಿಲ್ಲ. 18ರೊಳಗಿನವರು ‘ಹೌದು’ ಎಂದರೆ ಕೇಳಿದವರು ಸುಮ್ಮನಿರುವಂತಿಲ್ಲ, ಕಾನೂನು ಬಿಡುವುದಿಲ್ಲ. ಆ ಮಾತಿಗೆ ಆಮೇಲೆ ಬರುತ್ತೇನೆ. ಸದ್ಯಕ್ಕೆ ಇಷ್ಟು: ಬೆಂಗಳೂರಿನ ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ, ಬಸವನಗುಡಿಯ ಗಾಂಧಿ ಬಜಾರಿನಲ್ಲಿ, ಚಾಮರಾಜಪೇಟೆಯ ಮುಖ್ಯರಸ್ತೆಗಳಲ್ಲಿ ಸಂಜೆ ಟ್ಯೂಷನ್‌ಗೆ ಹೊರಟ 13ರಿಂದ 17ರ ಮಕ್ಕಳಲ್ಲಿ ಎಷ್ಟು ಮಂದಿ ‘ಕಮಿಟೆಡ್’, ಅವರಲ್ಲಿ ಎಷ್ಟು ಮಂದಿಗೆ ಆ ಸಂಬಂಧವೇ ಕಾಟವಾಗಿದೆ ಎಂಬುದನ್ನು ಕುಟುಂಬ ಸಮೀಕ್ಷೆ ಎಣಿಸುವುದಿಲ್ಲ. ಈ ವಯಸ್ಸಿನವರು ಸರ್ಕಾರಿ ಲೆಕ್ಕಕ್ಕೆ ಬರುವುದು ಎರಡು ದಾರಿಯಲ್ಲಿ, ಎಫ್‌ಐಆರ್ ಆದಾಗ ಅಥವಾ ಶವ ಪರೀಕ್ಷೆಯಾದಾಗ. ಎರಡೂ ಕಡೆಯ ಘಟ್ಟ. ಶುರುವಿನ ಲೆಕ್ಕ ಇಡುವವರಿಲ್ಲ.

ಎಣಿಸಿದ್ದನ್ನು ನೋಡೋಣ. ಏಳರಲ್ಲಿ ಒಂದಾದರೂ ಕಾರಣಕ್ಕೆ ಗಂಡ ಹೊಡೆಯುವುದು ಸರಿ ಎಂದ ಹೆಂಗಸರು ಕರ್ನಾಟಕದಲ್ಲಿ ಶೇ 76.9, ಗಂಡಸರು ಶೇ 81.9. ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದೇವೆ ಎಂದ ವಿವಾಹಿತೆಯರು ಶೇ 44.4. ದೇಶದ ಸರಾಸರಿ 29.3. ಇದೇ ಸಮೀಕ್ಷೆಯ ನಾಲ್ಕನೇ ಸುತ್ತಿನಲ್ಲಿ ಕರ್ನಾಟಕದ ಅಂಕಿ 20.6 ಇತ್ತು. ನಾಲ್ಕೈದು ವರ್ಷಗಳಲ್ಲಿ ಹೊಡೆತ ಎರಡು ಪಟ್ಟಾಯಿತೇ, ಹೇಳಿಕೊಳ್ಳುವ ಧೈರ್ಯ ಎರಡು ಪಟ್ಟಾಯಿತೇ? ಎರಡನೆಯದರ ಪಾಲೂ ಇದರಲ್ಲಿ ಇದ್ದೇ ಇರುತ್ತದೆ ಎಂದು ನನ್ನ ಅನುಮಾನ. ಕೋವಿಡ್ ಲಾಕ್‌ಡೌನ್ ಅನ್ನು ದೂರುವಂತಿಲ್ಲ, ಸಮೀಕ್ಷೆ ನಡೆದದ್ದು ಅದಕ್ಕೂ ಮುಂಚೆ. ಹೇಗೇ ನೋಡಿದರೂ, ನೂರಕ್ಕೆ 80 ಗಂಡಸರು ಹೊಡೆತಕ್ಕೆ ಏನೋ ಒಂದು ನೆಪ ಒಪ್ಪುವ ರಾಜ್ಯದಲ್ಲಿ 14ರ ಹುಡುಗ ಪ್ರೀತಿಯ ವ್ಯಾಕರಣವನ್ನು ಎಲ್ಲಿಂದ ಕಲಿತಾನು ಎಂದು ಬೇರೆ ಹುಡುಕಬೇಕಾಗಿಲ್ಲ.

ಇನ್ನೊಂದು ಅಂಕಿ, ದೇಶದ್ದು. ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ ಹೆಂಗಸರಲ್ಲಿ ಶೇ 77 ಮಂದಿ ಯಾರ ಬಳಿಯೂ ಬಾಯಿ ಬಿಟ್ಟಿಲ್ಲ. ನೆರವು ಕೇಳಿದವರು ಶೇ 14. ಮದುವೆಯಾದ, ಊರಿಗೆಲ್ಲ ಗೊತ್ತಿರುವ ಸಂಬಂಧದಲ್ಲೇ ಮುಕ್ಕಾಲು ಪಾಲು ಮೌನ. ಇನ್ನು ಮನೆಯಲ್ಲಿ ಹೆಸರೆತ್ತುವಂತೆಯೇ ಇಲ್ಲದ, ‘ಲವ್ ಗಿವ್ ಎಲ್ಲ ಓದು ಮುಗಿದ ಮೇಲೆ’ ಎಂಬ ಒಂದೇ ಸಾಲಿನ ಉಪದೇಶಕ್ಕೆ ಅಡಗಿ ನಡೆಯುವ ಸಂಬಂಧದಲ್ಲಿ ಎಷ್ಟಿರಬೇಡ!

ಹೊರಗಿನ ಲೆಕ್ಕಗಳಿವೆ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಂತೆ, ಸಂಗಾತಿ ಇದ್ದ 15ರಿಂದ 19ರ ಹುಡುಗಿಯರಲ್ಲಿ ಶೇ 24 ಮಂದಿ, ಅಂದರೆ ಹತ್ತಿರ ಹತ್ತಿರ 1.9 ಕೋಟಿ, 20 ತುಂಬುವುದರೊಳಗೆ ಆ ಸಂಗಾತಿಯಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಕಂಡಿದ್ದಾರೆ. ಹಿಂದಿನ ಒಂದೇ ವರ್ಷದ ಲೆಕ್ಕ ಶೇ 16. ಇಲ್ಲಿ ಸಂಗಾತಿ ಎಂದರೆ ಗಂಡನೂ ಸೇರಿದ, ಪ್ರೇಮಿಯೂ ಸೇರಿದ. ಬಾಲ್ಯವಿವಾಹ ಹೆಚ್ಚಿರುವ ದೇಶಗಳಲ್ಲಿ ಬಹುಪಾಲು ಗಂಡಂದಿರೇ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಶಾಲೆಗಳಲ್ಲೇ ನಡೆಸುವ ಸಮೀಕ್ಷೆ ಇನ್ನೂ ಹತ್ತಿರದ್ದು. 2019ರಲ್ಲಿ ಡೇಟಿಂಗ್ ಮಾಡುತ್ತಿದ್ದ ಹೈಸ್ಕೂಲ್ ಮಕ್ಕಳಲ್ಲಿ ಸುಮಾರು 12ಕ್ಕೆ ಒಬ್ಬರು ದೈಹಿಕ ಹಿಂಸೆ, 12ಕ್ಕೆ ಒಬ್ಬರು ಲೈಂಗಿಕ ಹಿಂಸೆ ಹೇಳಿಕೊಂಡರು. 40 ಮಕ್ಕಳ ತರಗತಿಯಲ್ಲಿ ಎಲ್ಲರೂ ಜೋಡಿಯಾಗಿದ್ದರೆ ಮೂವರು ಎಂದಾಯಿತು. ಆ ಮೂವರನ್ನು ಹಾಗೇ ತಂದು ಮಲ್ಲೇಶ್ವರದ 9ನೇ ತರಗತಿಯ ಬೆಂಚಿನ ಮೇಲೆ ಕೂರಿಸುವುದು ತಪ್ಪು. ಇಲ್ಲಿ ಜೋಡಿಯಾಗುವವರು ಕಡಿಮೆ, ಭೇಟಿಯ ಜಾಗ ಕಡಿಮೆ, ಮುಚ್ಚುಮರೆ ಹೆಚ್ಚು. ಅಂಕಿ ಅಲ್ಲಿಯದಕ್ಕಿಂತ ಕೆಳಗಿರಬಹುದು. ಸೊನ್ನೆ ಎಂದು ನಂಬುವುದಕ್ಕೆ ಮಾತ್ರ ಯಾವ ಆಧಾರವೂ ಇಲ್ಲ.

ಅದೇ ಕೇಂದ್ರದ ಇನ್ನೊಂದು ಲೆಕ್ಕ: ಸಂಗಾತಿಯಿಂದ ಹಿಂಸೆ ಅಥವಾ ಬೆನ್ನಟ್ಟುವಿಕೆ ಅನುಭವಿಸಿದ ಅಮೆರಿಕನ್ ಹೆಂಗಸರಲ್ಲಿ ಶೇ 26, ಗಂಡಸರಲ್ಲಿ ಶೇ 15 ಮಂದಿಗೆ ಅದರ ಮೊದಲ ಅನುಭವ ಆದದ್ದು 18 ತುಂಬುವ ಮೊದಲು. ಅವರ ‘ಡೇಟಿಂಗ್ ಮ್ಯಾಟರ್ಸ್’ ಕಾರ್ಯಕ್ರಮ 11ರಿಂದ 14ರ ಮಕ್ಕಳಿಗೆ ಇರುವುದು ಅದಕ್ಕೇ. ನಮ್ಮ ಲೆಕ್ಕದಲ್ಲಿ ಅದು 6ರಿಂದ 9ನೇ ತರಗತಿ.

ಈಗ ಮುನ್ಸೂಚನೆಗಳ ವಿಷಯ. ಇದಕ್ಕೆ ಪರದೇಶದ ಪಟ್ಟಿ ಬೇಕಿಲ್ಲ, ನಮ್ಮ ಕುಟುಂಬ ಸಮೀಕ್ಷೆಯಲ್ಲೇ ಇದೆ. ಗಂಡನ ಹತೋಟಿಯನ್ನು ಅಳೆಯಲು ಅದು ಆರು ಪ್ರಶ್ನೆ ಕೇಳುತ್ತದೆ. ಬೇರೆ ಗಂಡಸರೊಡನೆ ಮಾತಾಡಿದರೆ ಸಿಟ್ಟಾಗುತ್ತಾನೆಯೇ, ನಡತೆಗೆಟ್ಟವಳೆಂದು ಪದೇ ಪದೇ ಆರೋಪಿಸುತ್ತಾನೆಯೇ, ಗೆಳತಿಯರನ್ನು ಭೇಟಿಯಾಗಲು ಬಿಡುವುದಿಲ್ಲವೇ, ತವರಿನ ಸಂಪರ್ಕ ಕಡಿಮೆ ಮಾಡಿಸುತ್ತಾನೆಯೇ, ಸದಾ ಎಲ್ಲಿದ್ದೀಯೆಂದು ಕೇಳುತ್ತಾನೆಯೇ, ದುಡ್ಡಿನ ವಿಷಯದಲ್ಲಿ ನಂಬುವುದಿಲ್ಲವೇ. ಕೊನೆಯದನ್ನು ಬಿಟ್ಟು ಉಳಿದ ಐದನ್ನು 14ರ ಮಕ್ಕಳ ಫೋನಿಗೆ ಇಳಿಸಿ ನೋಡಿ, ಒಂದಕ್ಷರ ಬದಲಿಸಬೇಕಾಗಿಲ್ಲ. ‘ಅವನಿಗೆ ಯಾಕೆ ರಿಪ್ಲೈ ಮಾಡ್ದೆ?’ ‘ಲೈವ್ ಲೊಕೇಶನ್ ಆಫ್ ಯಾಕಾಯ್ತು?’ ‘ಇನ್‌ಸ್ಟಾ ಪಾಸ್‌ವರ್ಡ್ ಕೊಡಲ್ಲ ಅಂದ್ರೆ ಏನೋ ಮುಚ್ಚಿಡ್ತಿದೀಯ ಅಂತ ತಾನೇ?’ ‘ಆ ಗ್ಯಾಂಗ್ ಬಿಟ್ಬಿಡು, ನಿನ್ನ ಕೆಡಿಸ್ತಾರೆ.’ ಇದೆಲ್ಲದಕ್ಕೂ ಮಕ್ಕಳಲ್ಲಿ ಒಂದೇ ವಿವರಣೆ: ‘ಅವನು ಸ್ವಲ್ಪ ಪೊಸೆಸಿವ್ ಅಷ್ಟೇ.’ ಹುಡುಗಿಯರೂ ಹುಡುಗರಿಗೆ ಇದನ್ನೇ ಮಾಡುತ್ತಾರೆ, ‘ಅವಳು ತುಂಬಾ ಕೇರ್ ಮಾಡ್ತಾಳೆ’ ಎಂಬ ವಿವರಣೆಯೂ ಸಿದ್ಧವಿದೆ.

ಇವುಗಳ ಮೇಲೆ ಇನ್ನೆರಡು, ಸಮೀಕ್ಷೆಯ ಪಟ್ಟಿಯಲ್ಲಿ ಇಲ್ಲದವು. ಒಂದು, ‘ಬ್ರೇಕಪ್ ಅಂದ್ರೆ ಕೈ ಕುಯ್ಕೋತೀನಿ’ ಎಂಬ ಬೆದರಿಕೆ. ಇನ್ನೊಂದು, ಹಿಂದೆ ಕಳಿಸಿದ್ದ ಫೋಟೊವನ್ನು ಗ್ರೂಪ್‌ಗೆ ಹಾಕುತ್ತೇನೆಂಬ ಬೆದರಿಕೆ. ಎರಡನೆಯದು ನಿಜವಾದರೆ, ಫೋಟೊ ಅಶ್ಲೀಲವೂ ಆಗಿದ್ದರೆ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನಡಿ 5 ವರ್ಷದವರೆಗೆ ಸಜೆ, 10 ಲಕ್ಷ ರೂಪಾಯಿವರೆಗೆ ದಂಡ. ಹಾಕುವವನೂ 18ರೊಳಗಿದ್ದರೆ ಬಾಲನ್ಯಾಯ ಮಂಡಳಿ. ಮೊದಲನೆಯದು ಬೆದರಿಕೆ ಎಂದೇ ಬಹಳ ಮಕ್ಕಳಿಗೆ ಅನಿಸುವುದಿಲ್ಲ. ಅದನ್ನು ಪ್ರೀತಿಯ ಪುರಾವೆ ಎಂದು ತಿಳಿದುಕೊಳ್ಳುತ್ತಾರೆ. ಸಿನಿಮಾಗಳು ಹಾಗೆ ಕಲಿಸಿವೆ ಎನ್ನುವುದು ಹಳೆಯ ದೂರು, ಆದರೆ ಸುಳ್ಳು ದೂರಲ್ಲ.

ಬಡಾವಣೆಯಿಂದ ಬಡಾವಣೆಗೆ ರೂಪ ಬದಲಾಗುತ್ತದೆ. ಸ್ವಂತ ಫೋನಿರುವ ಮಕ್ಕಳಿಗೆ ಕಾಟ ಫೋನಿನಲ್ಲೇ ಬರುತ್ತದೆ, ರಾತ್ರಿ ಕೋಣೆಯೊಳಗೂ ಬರುತ್ತದೆ. ಮನೆಗೆಲ್ಲ ಒಂದೇ ಫೋನ್ ಇರುವ ಕಡೆ ಅದು ಗಲ್ಲಿಯ ತಿರುವಿನಲ್ಲಿ, ಬಸ್ ಸ್ಟಾಪಿನಲ್ಲಿ, ಮೆಟ್ರೊ ಮೆಟ್ಟಿಲ ಬುಡದಲ್ಲಿ ಕಾದು ನಿಲ್ಲುತ್ತದೆ. ಶಾಲೆಯಲ್ಲಿ ಇವರೆಲ್ಲ ಚಿಕ್ಕಂದಿನಲ್ಲೇ ‘ಗುಡ್ ಟಚ್, ಬ್ಯಾಡ್ ಟಚ್’ ಪಾಠ ಕೇಳಿರುತ್ತಾರೆ. ಆ ಪಾಠದಲ್ಲಿ ಕೆಟ್ಟವನು ಯಾವಾಗಲೂ ದೊಡ್ಡವನು, ಬೇಡದವನು. ತಾನೇ ಇಷ್ಟಪಟ್ಟ, ತನ್ನದೇ ವಯಸ್ಸಿನ, ಮುಟ್ಟದೆಯೇ ಕಾಡುವವರ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲ.

ಪರೀಕ್ಷೆಗೆ ಹೆದರುವ ಬಡಾವಣೆಗಳಿವು. ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶದ ವಾರ ಬಂತೆಂದರೆ ‘ಅಂಕವೇ ಬದುಕಲ್ಲ’ ಎಂದು ಪತ್ರಿಕೆ, ಟಿವಿ, ಮುಖ್ಯೋಪಾಧ್ಯಾಯರು ಎಲ್ಲರೂ ಹೇಳುತ್ತಾರೆ. ಹೇಳಬೇಕಾದ್ದೇ. ಆದರೆ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ 2021ರ ಪುಟ ತೆರೆಯಿರಿ. ಆ ವರ್ಷ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ 18ರೊಳಗಿನ 10,732 ಮಕ್ಕಳಲ್ಲಿ ಪರೀಕ್ಷೆಯಲ್ಲಿ ಫೇಲಾದದ್ದು ಕಾರಣ ಎಂದು ಬರೆದದ್ದು 864 ಕಡೆ. ‘ಪ್ರೇಮ ಪ್ರಕರಣ’ ಎಂದು ಬರೆದದ್ದು 1,495 ಕಡೆ. ಪೊಲೀಸರು ಹಾಕಿದ ಈ ಕಾರಣಗಳನ್ನು ಕಣ್ಣುಮುಚ್ಚಿ ನಂಬಬೇಕಿಲ್ಲ. ‘ಪ್ರೇಮ ಪ್ರಕರಣ’ ಎಂಬ ಒಂದೇ ಹಣೆಪಟ್ಟಿಯೊಳಗೆ ಬ್ರೇಕಪ್ಪೂ ಇದೆ, ಮನೆಯವರ ವಿರೋಧವೂ ಇದೆ, ಬೆದರಿಕೆಯೂ ಇದೆ. ಆದರೂ 864ಕ್ಕೆ ನಾವು ಇಷ್ಟು ಮಾತಾಡುತ್ತೇವೆ, 1,495ಕ್ಕೆ ಯಾವ ತಿಂಗಳಲ್ಲಿ ಮಾತಾಡುತ್ತೇವೆ?

ಮಾತಾಡುವುದು ಕೊಲೆಯಾದಾಗ. 2024ರ ಏಪ್ರಿಲ್, ಮೇ ತಿಂಗಳುಗಳಲ್ಲಿ ಹುಬ್ಬಳ್ಳಿಯಲ್ಲಿ ಒಂದರ ಹಿಂದೊಂದು ಇಬ್ಬರು ಯುವತಿಯರ ಕೊಲೆಯಾಯಿತು. 2025ರ ಅಕ್ಟೋಬರ್‌ನಲ್ಲಿ ನಮ್ಮ ಮಲ್ಲೇಶ್ವರದಲ್ಲೇ, ಮಂತ್ರಿ ಮಾಲ್ ಬಳಿಯ ರೈಲು ಹಳಿ ಪಕ್ಕ, 20ರ ಫಾರ್ಮಸಿ ವಿದ್ಯಾರ್ಥಿನಿಯನ್ನು ಹಗಲಲ್ಲೇ ಇರಿದು ಕೊಂದರು. ಹಿಂದೆ ಬಿದ್ದಿದ್ದ ಪರಿಚಿತ ಯುವಕನೇ ಆರೋಪಿ. ಅದು ಪ್ರೀತಿಯ ಸಂಬಂಧವಲ್ಲ, ಅವಳು ಬೇಡವೆಂದದ್ದನ್ನು ಒಪ್ಪದವನ ಬೆನ್ನಟ್ಟುವಿಕೆ ಎಂಬುದೇ ಆಗ ಬಂದ ಸುದ್ದಿ. ತಿಂಗಳುಗಳ ಹಿಂದೆಯೇ ಪೊಲೀಸರ ತನಕ ಮಾತು ಹೋಗಿತ್ತೆಂದೂ, ಎಚ್ಚರಿಕೆ ಕೊಟ್ಟು ಕಳಿಸಿದ್ದರೆಂದೂ ವರದಿಯಾಯಿತು. ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಲ್ಲಿ ಬೆನ್ನಟ್ಟುವುದಕ್ಕೆ ಮೊದಲ ಸಲ 3 ವರ್ಷ, ಮತ್ತೆ ಮಾಡಿದರೆ 5 ವರ್ಷದವರೆಗೆ ಸಜೆ ಇದೆ. ಕಾನೂನು ಇಲ್ಲದ್ದರಿಂದ ಆದ ಅನಾಹುತ ಅದಲ್ಲ.

ಇನ್ನು ಆಮೇಲೆ ಬರುತ್ತೇನೆ ಎಂದಿದ್ದ ಕಾನೂನಿನ ವಿಷಯ, ಅಂದರೆ ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಪೋಕ್ಸೊ ಕಾಯ್ದೆ. 2012ರ ನವೆಂಬರ್ 14ರಂದು ಜಾರಿಗೆ ಬಂದ ಈ ಕಾಯ್ದೆಗೆ 18ರೊಳಗಿನವರೆಲ್ಲ ಮಕ್ಕಳು, ಅವರ ಒಪ್ಪಿಗೆಗೆ ಬೆಲೆ ಇಲ್ಲ. 2019ರ ತಿದ್ದುಪಡಿಯ ನಂತರ ಲೈಂಗಿಕ ಸಂಪರ್ಕಕ್ಕೆ ಕನಿಷ್ಠ ಸಜೆ 10 ವರ್ಷ, ಹುಡುಗಿ 16ರೊಳಗಿದ್ದರೆ 20. 19ನೇ ಕಲಮಿನಂತೆ ಅಪರಾಧ ನಡೆದದ್ದು ತಿಳಿದವರು, ನಡೆಯಬಹುದೆಂದು ಆತಂಕ ಇರುವವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 6 ತಿಂಗಳವರೆಗೆ ಸಜೆ, ಇಲ್ಲವೆ ದಂಡ. ಟೀಚರಿಗೂ ಅಷ್ಟೇ, ಡಾಕ್ಟರಿಗೂ ಅಷ್ಟೇ, ಆಪ್ತಸಮಾಲೋಚಕರಿಗೂ ಅಷ್ಟೇ. ದೊಡ್ಡವರ ದೌರ್ಜನ್ಯದಿಂದ ಮಕ್ಕಳನ್ನು ಕಾಯಲು ಈ ಬಿಗಿ ಬೇಕಿತ್ತು. ಹದಿಹರೆಯದ ಜೋಡಿಗಳ ವಿಷಯದಲ್ಲಿ ಅದರ ಫಲ ಏನೆಂದು ಬೆಂಗಳೂರಿನದೇ ಆದ ಎನ್‌ಫೋಲ್ಡ್ ಸಂಸ್ಥೆ ಎಣಿಸಿ ನೋಡಿತು. ಅಸ್ಸಾಂ, ಮಹಾರಾಷ್ಟ್ರ, ಪಶ್ಚಿಮ ಬಂಗಾಳಗಳ 2016ರಿಂದ 2020ರ ವರೆಗಿನ 7,064 ಪೋಕ್ಸೊ ತೀರ್ಪುಗಳಲ್ಲಿ 1,715, ಅಂದರೆ ಶೇ 24.3, ಪ್ರೇಮದ ಪ್ರಕರಣಗಳು. ಅವುಗಳಲ್ಲಿ ಶೇ 80 ದೂರು ಕೊಟ್ಟವರು ಹುಡುಗಿಯ ಅಪ್ಪ, ಅಮ್ಮ, ನೆಂಟರು. ಹುಡುಗಿಯೇ ಕೊಟ್ಟದ್ದು ಶೇ 18. ಕೊನೆಗೆ 1,609ರಲ್ಲಿ ಬಿಡುಗಡೆ, 106ರಲ್ಲಿ ಶಿಕ್ಷೆ. ನೂರಕ್ಕೆ 94 ಪ್ರಕರಣ ಪೊಲೀಸ್ ಠಾಣೆ, ಕೋರ್ಟು ಅಲೆದು ಶೂನ್ಯಕ್ಕೆ ಮುಗಿದವು.

ಈ ಲೆಕ್ಕದ ಇನ್ನೊಂದು ಮುಖವನ್ನು ಯಾರೂ ಬರೆಯುವುದಿಲ್ಲ. ನಿಜವಾಗಿ ಏಟು ತಿನ್ನುತ್ತಿರುವ 15ರ ಹುಡುಗಿಗೂ ಈ ಕಥೆಗಳು ಗೊತ್ತು. ಟೀಚರಿಗೆ ಹೇಳಿದರೆ ಪೊಲೀಸು, ಪೊಲೀಸು ಎಂದರೆ ಮನೆ, ಮನೆ ಎಂದರೆ ಶಾಲೆ ಬಿಡಿಸುವುದು. ಅವಳು ಬಾಯಿ ಮುಚ್ಚುತ್ತಾಳೆ. ಅಪ್ಪ ಅಮ್ಮನಿಗೆ ಗೊತ್ತಾಗುತ್ತದೆ ಎಂಬುದೇ ಕಾಡುವವನ ಕೈಯಲ್ಲಿರುವ ಅಸ್ತ್ರವೂ ಆಗುತ್ತದೆ. ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ 2022ರ ನವೆಂಬರ್‌ನಲ್ಲಿ 16 ಮೀರಿದ ಹುಡುಗಿಯರ ಪ್ರೇಮ ಪ್ರಕರಣಗಳನ್ನು ಉಲ್ಲೇಖಿಸಿ, ಒಪ್ಪಿಗೆಯ ವಯಸ್ಸಿನ ಬಗ್ಗೆ ಕಾನೂನು ಆಯೋಗ ಮರುಚಿಂತನೆ ಮಾಡಬೇಕೆಂದಿತು. 9ನೇ ತರಗತಿಯಿಂದ ಮೇಲಿನ ಮಕ್ಕಳಿಗೆ ಪೋಕ್ಸೊ ಕಾಯ್ದೆಯ ತಿಳಿವಳಿಕೆ ಕೊಡಿ ಎಂದು ಶಿಕ್ಷಣ ಇಲಾಖೆಗೆ ಹೇಳಿತು. 2023ರ ಸೆಪ್ಟೆಂಬರ್‌ನಲ್ಲಿ ಆಯೋಗ ತನ್ನ 283ನೇ ವರದಿಯಲ್ಲಿ ವಯಸ್ಸು ಇಳಿಸುವುದು ಬೇಡ ಎಂದಿತು, 16ರಿಂದ 18ರವರ ಪ್ರಕರಣಗಳಲ್ಲಿ ನ್ಯಾಯಾಧೀಶರಿಗೆ ಒಂದಿಷ್ಟು ವಿವೇಚನೆ ಕೊಡಬಹುದು ಎಂದಿತು. ಅಲ್ಲಿಗೆ ಮಕ್ಕಳ ಪಾಲಿಗೆ ಉಳಿದದ್ದು ‘ಕಾನೂನು ಹೀಗಿದೆ, ಹುಷಾರ್’ ಎಂಬ ಪಾಠ. ಕಾನೂನು ಗೊತ್ತಿರಬೇಕು ನಿಜ. ಆದರೆ ಪಾಸ್‌ವರ್ಡ್ ಕೇಳುವುದು, ಗೆಳತಿಯರಿಂದ ಬಿಡಿಸುವುದು, ದಿನಕ್ಕೆ ಐವತ್ತು ಸಲ ಎಲ್ಲಿದ್ದೀಯ ಎನ್ನುವುದು ಯಾವ ಕಲಮಿಗೂ ಸುಲಭವಾಗಿ ಬರುವುದಿಲ್ಲ.

ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇಲ್ಲಿದೆ. ಮುನ್ಸೂಚನೆಯ ಹಂತ ಅಪರಾಧದ ಹಂತವಲ್ಲ. ‘ಅವನು ನನ್ನ ಫೋನ್ ಚೆಕ್ ಮಾಡ್ತಾನೆ ಮಿಸ್’ ಎಂದು ಒಬ್ಬಳು ಹೇಳಿದರೆ, ಅಷ್ಟೇ ಆಗಿದ್ದರೆ, ಟೀಚರ್ ಪೊಲೀಸರಿಗೆ ಫೋನ್ ಮಾಡಬೇಕಾದ ಕಟ್ಟು ಇಲ್ಲ. ಕೂತು ಮಾತಾಡಬಹುದು, ಹುಡುಗನನ್ನೂ ಕರೆದು ಮಾತಾಡಬಹುದು. ಆರು ತಿಂಗಳು ಕಳೆದು ಹೊಡೆತ, ಫೋಟೊ, ಬಲವಂತ ಬಂದ ಮೇಲೆ ಆ ಬಾಗಿಲು ಮುಚ್ಚಿ ಠಾಣೆಯ ಬಾಗಿಲೊಂದೇ ತೆರೆದಿರುತ್ತದೆ. ಬೇಗ ಗುರುತಿಸುವುದು ದುಡ್ಡಿನ ಲೆಕ್ಕದಲ್ಲೂ ಅಗ್ಗ, ಕಾನೂನಿನ ಲೆಕ್ಕದಲ್ಲೂ ಅಗ್ಗ.

ದುಡ್ಡಿನ ಲೆಕ್ಕ ಎಂದೆನಲ್ಲ, ಅದನ್ನೂ ಮಾಡಿಬಿಡೋಣ. ಕೆನಡಾದ ಒಂಟಾರಿಯೊದಲ್ಲಿ ‘ಫೋರ್ತ್ ಆರ್’ ಎಂಬ ಪಾಠಕ್ರಮವನ್ನು 20 ಶಾಲೆಗಳ 14-15 ವರ್ಷದ 1,722 ಮಕ್ಕಳ ಮೇಲೆ ಪರೀಕ್ಷಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಟ್ಟು 21 ಪಾಠ, 28 ಗಂಟೆ. ಕಲಿಸಿದವರು ಹೊರಗಿನ ತಜ್ಞರಲ್ಲ, ತರಬೇತಿ ಪಡೆದ ಅದೇ ಶಾಲೆಗಳ ಮೇಷ್ಟ್ರುಗಳು. ಎರಡೂವರೆ ವರ್ಷದ ನಂತರ ಕೇಳಿದಾಗ, ಪಾಠ ಇಲ್ಲದ ಶಾಲೆಗಳಲ್ಲಿ ಶೇ 9.8 ಮಕ್ಕಳು ಜೊತೆಗಾರರ ಮೇಲೆ ಕೈ ಮಾಡಿದ್ದಾಗಿ ಒಪ್ಪಿದರು, ಪಾಠ ಇದ್ದ ಶಾಲೆಗಳಲ್ಲಿ ಶೇ 7.4. ಹುಡುಗರನ್ನಷ್ಟೇ ನೋಡಿದರೆ 7.1ರಿಂದ 2.7ಕ್ಕೆ ಇಳಿಕೆ. ಹುಡುಗಿಯರಲ್ಲಿ 12.1, 11.9, ಏನೂ ಬದಲಾಗಿಲ್ಲ ಎಂದೇ ಹೇಳಬೇಕು. ಹುಡುಗಿಯರ ಅಂಕಿ ಹೆಚ್ಚಿದೆಯಲ್ಲ ಎಂದು ಹುಬ್ಬೇರಿಸುವವರಿಗೆ ಒಂದು ಮಾತು. ಇಂಥ ಸಮೀಕ್ಷೆ ಕೆನ್ನೆಗೆ ಬಿದ್ದ ಏಟುಗಳನ್ನು ಎಣಿಸುತ್ತದೆ, ಯಾರಿಗೆ ಯಾರ ಭಯವಿತ್ತು ಎಂಬುದನ್ನು ಎಣಿಸುವುದಿಲ್ಲ.

ತರಬೇತಿ ಮತ್ತು ಪುಸ್ತಕ ಸಾಮಗ್ರಿಗೆ ಆದ ಖರ್ಚು ತಲೆಗೆ ಸರಾಸರಿ 16 ಕೆನಡಾ ಡಾಲರ್. ಈಗಿನ ವಿನಿಮಯ ದರದಲ್ಲಿ ಸುಮಾರು ಸಾವಿರ ರೂಪಾಯಿ. ನೂರರಲ್ಲಿ 2.4 ಇಳಿಕೆ ಎಂದರೆ 42 ಮಕ್ಕಳಿಗೆ ಕಲಿಸಿದಾಗ ಕೈ ಎತ್ತುವ ಒಬ್ಬರು ಕಡಿಮೆ, ಅಂದರೆ 42 ಸಾವಿರ ರೂಪಾಯಿ. ಹುಡುಗರ ಮಟ್ಟಿಗೆ 23 ಮಂದಿಗೆ ಒಬ್ಬ, 23 ಸಾವಿರ. ತಲಾ 40ರ ಮೂರು ಸೆಕ್ಷನ್ ಇರುವ 9ನೇ ತರಗತಿಗೆ ಒಟ್ಟು 1.2 ಲಕ್ಷ. ಇದು ಕೆನಡಾದ ಬೆಲೆ. ಇಲ್ಲಿ ಮೇಷ್ಟ್ರ ತರಬೇತಿ, ಮುದ್ರಣ ಎರಡೂ ಅಗ್ಗ, ಆದ್ದರಿಂದ ಇದನ್ನು ಮೇಲಿನ ಮಿತಿ ಎಂದೇ ಇಟ್ಟುಕೊಳ್ಳಿ. ಮಲ್ಲೇಶ್ವರ, ಬಸವನಗುಡಿಗಳಲ್ಲಿ ಒಂದು ವಿಷಯದ ಒಂದು ತಿಂಗಳ ಟ್ಯೂಷನ್‌ಗೆ ಸಾವಿರ ರೂಪಾಯಿ ಕೊಡುವವರು ಅದನ್ನು ದೊಡ್ಡ ಮೊತ್ತ ಎನ್ನುವುದಿಲ್ಲ. ಚಾಮರಾಜಪೇಟೆಯ ಸರ್ಕಾರಿ ಶಾಲೆಯ ಮಕ್ಕಳ ಪಾಲನ್ನು ಸರ್ಕಾರವೇ ಕೊಡಬೇಕು.

ಸಮಯ ಎಲ್ಲಿದೆ ಎನ್ನುತ್ತೀರಾ? ಶಿಕ್ಷಣ ಹಕ್ಕು ಕಾಯ್ದೆ 6ರಿಂದ 8ನೇ ತರಗತಿಗೆ ವರ್ಷಕ್ಕೆ 220 ದಿನ, 1,000 ಬೋಧನಾ ಗಂಟೆ ನಿಗದಿ ಮಾಡಿದೆ. 28 ಗಂಟೆ ಎಂದರೆ ಅದರ ಶೇ 2.8. ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ 42 ಪೀರಿಯಡ್. 2025ರ ಮಾರ್ಚ್‌ನಲ್ಲಿ ರಾಜ್ಯದ ಶಿಕ್ಷಣ ಸಚಿವರು 8ರಿಂದ 12ನೇ ತರಗತಿವರೆಗೆ ವಾರಕ್ಕೆ ಎರಡು ಸಲ ಲೈಂಗಿಕ ಶಿಕ್ಷಣ ತರಗತಿ ಎಂದು ಘೋಷಿಸಿದರು. ಆ ಲೆಕ್ಕದಲ್ಲಿ 42 ಪೀರಿಯಡ್ 21 ವಾರಕ್ಕೆ ಮುಗಿಯುತ್ತದೆ. 2020ರ ಫೆಬ್ರುವರಿಯಲ್ಲೇ ಶುರುವಾದ ಕೇಂದ್ರದ ಶಾಲಾ ಆರೋಗ್ಯ ಕಾರ್ಯಕ್ರಮದ 11 ವಿಷಯಗಳಲ್ಲಿ ಪರಸ್ಪರ ಸಂಬಂಧ, ಲಿಂಗ ಸಮಾನತೆ, ಹಿಂಸೆಯಿಂದ ರಕ್ಷಣೆ, ಸುರಕ್ಷಿತ ಇಂಟರ್‌ನೆಟ್ ನಾಲ್ಕೂ ಇವೆ. ಶಾಲೆಗೆ ಇಬ್ಬರು ಶಿಕ್ಷಕರು ಅದರ ‘ರಾಯಭಾರಿ’ಗಳು. ಕಾಗದದ ಮೇಲೆ ಕೊರತೆ ಏನೂ ಇಲ್ಲ. 2007ರಲ್ಲಿ ಹದಿಹರೆಯದ ಶಿಕ್ಷಣವನ್ನು ಬೇಡವೆಂದ ರಾಜ್ಯಗಳ ಪೈಕಿ ನಮ್ಮದೂ ಒಂದಾಗಿತ್ತು ಎಂಬುದನ್ನು ನೆನೆದರೆ ಇಷ್ಟು ದೂರ ಬಂದದ್ದೂ ಸಣ್ಣದಲ್ಲ.

ಕೆನಡಾದ ಪಾಠ ನಮ್ಮಲ್ಲಿ ನಡೆದೀತೇ ಎಂಬ ಸಂಶಯಕ್ಕೆ ಹರಿಯಾಣದಿಂದ ಅರ್ಧ ಉತ್ತರ ಸಿಗುತ್ತದೆ. ಅಲ್ಲಿನ 314 ಸರ್ಕಾರಿ ಶಾಲೆಗಳ ಅಧ್ಯಯನದಲ್ಲಿ, ಬ್ರೇಕ್‌ಥ್ರೂ ಸಂಸ್ಥೆಯವರು 7-8ನೇ ತರಗತಿಯಿಂದ ಎರಡೂವರೆ ವರ್ಷ, ಮೂರು ವಾರಕ್ಕೊಮ್ಮೆ 45 ನಿಮಿಷ ಹೆಣ್ಣು-ಗಂಡಿನ ಸಮಾನತೆಯ ಬಗ್ಗೆ ಚರ್ಚೆ ನಡೆಸಿದರು. ಹಿಮ್ಮುಖ ಧೋರಣೆಗಳಲ್ಲಿ ಶೇ 16ರಷ್ಟು ಬದಲಾದವು. ಅಳೆದದ್ದು ಹೆಚ್ಚಾಗಿ ಧೋರಣೆಯನ್ನು, ಏಟುಗಳನ್ನಲ್ಲ. ಅದಕ್ಕೇ ಅರ್ಧ ಉತ್ತರ ಎಂದೆ. ಧೋರಣೆಯ ಅಂಕಿ 81.9 ಇರುವ ರಾಜ್ಯಕ್ಕೆ ಅರ್ಧವೂ ಕಡಿಮೆಯದಲ್ಲ.

ನೆರವಿನ ದಾರಿಗಳಿಗೆ ದುಡ್ಡು ಬೇಡ. ಮಕ್ಕಳ ಸಹಾಯವಾಣಿ 1098, ಮಹಿಳಾ ಸಹಾಯವಾಣಿ 181, ತುರ್ತಿಗೆ 112, ಫೋಟೊ-ಖಾತೆಯ ಕಿರುಕುಳಕ್ಕೆ ಸೈಬರ್ ಸಹಾಯವಾಣಿ 1930, ಮನಸ್ಸು ಕುಸಿದಾಗ ಟೆಲಿ ಮಾನಸ್ 14416. ಕೊನೆಯದು 2022ರ ಅಕ್ಟೋಬರ್ 10ರಂದು ಶುರುವಾದದ್ದು, ಅದರ ಮುಖ್ಯ ಕೇಂದ್ರ ನಮ್ಮೂರ ನಿಮ್ಹಾನ್ಸ್, ಕನ್ನಡದಲ್ಲೇ ಮಾತಾಡಬಹುದು. ಬಸವನಗುಡಿಯಲ್ಲಿ ಮಹಿಳಾ ಪೊಲೀಸ್ ಠಾಣೆಯೂ ಇದೆ. ಈ ಸಹಾಯವಾಣಿ ಸಂಖ್ಯೆಗಳನ್ನು ಮಕ್ಕಳ ಫೋನಿನಲ್ಲಿ ಇವತ್ತೇ ಹಾಕಿಡಿ. ಫೋನಿಲ್ಲದ ಮಗುವಿನ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಡಿ.

ಮುಂದಿನ ಪೋಷಕರ ಸಭೆಯಲ್ಲಿ ಅಂಕಪಟ್ಟಿ ಕೈಗೆ ಬಂದ ಮೇಲೆ ಎರಡು ಪ್ರಶ್ನೆ ಕೇಳಿ: ಈ ವಿಷಯಕ್ಕೆ ವೇಳಾಪಟ್ಟಿಯಲ್ಲಿ ಯಾವ ಪೀರಿಯಡ್ ಇದೆ, ಅದನ್ನು ತೆಗೆದುಕೊಳ್ಳುವ ಟೀಚರ್ ಯಾರು? ಹುಡುಗರ ತಂದೆತಾಯಿಯರು ಮೊದಲು ಕೇಳಿ.